ಮಲಗಿದ ಲ್ಯಾಪ್‌ಟಾಪು ಏಳದೇ ಹೋದಾಗ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಕರೆಂಟಿನ ತಂತಿ ತೋಟಗಳ ನಡುವೆಯೇ ಬರುತ್ತದೆ. ಆಟಿ ತಿಂಗಳ ಗಾಳಿಗೆ ಎಲ್ಲೋ ಒಂದು ಕಂಗು ಒರಗಿದರೆ ಸಾಕು, ಊರಿಡೀ ಕತ್ತಲೆ. ಮಳೆಗಾಲ ಅಂದರೆ ಹಾಗೆಯೇ, ಯಾರನ್ನು ದೂರುವುದು? ಆದರೆ ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಕಾಲವಾಗಿದೆ. ಇನ್ವರ್ಟರಿಗೂ ವಯಸ್ಸಾಗಿದೆ. ಅದು ಕೀಂ ಕೀಂ ಎಂದು ಕೂಗಲು ಶುರು ಮಾಡಿದ ಮೇಲೆ ನನಗೆ ಸಿಗುವುದು ಕೆಲವೇ ನಿಮಿಷ. ಅಷ್ಟರೊಳಗೆ ಹೈಬರ್ನೇಟ್ ಮಾಡಿ ಮುಗಿಸಬೇಕು.

ಸ್ಲೀಪ್ ಮಾಡಿದರೆ ಆಗುವುದಿಲ್ಲವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಸ್ಲೀಪಿನಲ್ಲಿ ತೆರೆದಿಟ್ಟ ಕೆಲಸವೆಲ್ಲ ರ‍್ಯಾಮಿನಲ್ಲಿಯೇ ಇರುತ್ತದೆ. ರ‍್ಯಾಮಿಗೆ ಸ್ವಲ್ಪವಾದರೂ ಕರೆಂಟು ಬೇಕು, ಅದು ಹೋದರೆ ಎಲ್ಲ ಹೋಯಿತು. ಹೈಬರ್ನೇಟ್ ಹಾಗಲ್ಲ. ರ‍್ಯಾಮಿನಲ್ಲಿ ಇದ್ದದ್ದನ್ನು ಡಿಸ್ಕಿನ ಸ್ವಾಪ್ ಎಂಬ ಜಾಗಕ್ಕೆ ಬರೆದು, ಮೆಷಿನು ಪೂರ್ತಿ ಆಫ್ ಆಗುತ್ತದೆ. ಪ್ಲಗ್ ಕಿತ್ತು ಅಟ್ಟಕ್ಕೆ ಹಾಕಿ, ಒಂದು ತಿಂಗಳು ಬಿಟ್ಟು ತೆಗೆದರೂ ಬಿಟ್ಟ ಸಾಲಿನಲ್ಲಿಯೇ ಕರ್ಸರ್ ಮಿನುಗಬೇಕು.

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ವಿಂಡೋಸ್ ಅಲ್ಲ, ಲಿನಕ್ಸೇ ನಡೆಯುವುದು. ಶಾಲೆಗಳ ಕಂಪ್ಯೂಟರು ಶಿಕ್ಷಣ ನೋಡಿಕೊಳ್ಳುವ ಸರಕಾರಿ ಕೈಟ್ ಸಂಸ್ಥೆ, ಉಬುಂಟು ಎಂಬ ಲಿನಕ್ಸ್ ಬಗೆಯ ಮೇಲೆ ಕಟ್ಟಿ ಕೊಡುವುದನ್ನೇ ನಮ್ಮ ಮಕ್ಕಳೂ ಕಲಿಯುತ್ತಾರೆ. ಶಾಲೆಯಲ್ಲಿ ಕೈ ಅದಕ್ಕೆ ಒಗ್ಗಿದ್ದರಿಂದ ಮನೆಯಲ್ಲಿಯೂ ಅದೇ. ಮಳೆಗಾಲದಲ್ಲಿ ನನ್ನ ತಲೆಯ ಮೇಲೆ ಊರಿನ ಯಕ್ಷಗಾನ ಸಂಘದ ಸ್ಮರಣ ಸಂಚಿಕೆಯ ಕೆಲಸ ಬಿದ್ದಿತ್ತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಮೇಲೆ ಒಂದು ಉದ್ದದ ಲೇಖನ, ಹಳೆಯ ಫೋಟೋಗಳ ಸ್ಕ್ಯಾನು, ಜಾಹೀರಾತು ಕೊಟ್ಟವರ ಪಟ್ಟಿ. ಸ್ಕ್ರೈಬಸ್ಸಿನಲ್ಲಿ ಪುಟ, ಲಿಬ್ರೆ ಆಫೀಸಿನಲ್ಲಿ ಬರಹ, ಬ್ರೌಸರಿನಲ್ಲಿ ಲೆಕ್ಕವಿಲ್ಲದಷ್ಟು ಟ್ಯಾಬು. ಇಷ್ಟನ್ನು ಕರೆಂಟು ಹೋದಾಗಲೆಲ್ಲ ಮುಚ್ಚಿ, ಬಂದಾಗ ಮತ್ತೆ ತೆರೆದು ಕೂತರೆ ಸಂಚಿಕೆ ಮುಂದಿನ ವರ್ಷಕ್ಕೇ ಬರುವುದು.

ಹಳೆಯ ಹಾರ್ಡ್ ಡಿಸ್ಕು ತೆಗೆಸಿ ಎಸ್‌ಎಸ್‌ಡಿ ಹಾಕಿಸುವ ತನಕ ಹೈಬರ್ನೇಟ್ ಚೆನ್ನಾಗಿಯೇ ನಡೆದಿತ್ತು. ಪೇಟೆಯ ಅಂಗಡಿಯಲ್ಲಿ ಹಾಕಿಸಿದೆ. ಫೈಲುಗಳೆಲ್ಲ ಇದ್ದ ಹಾಗೆಯೇ ಬಂದವು, ವಾಲ್‌ಪೇಪರ್ ಕೂಡ ಬದಲಾಗಿರಲಿಲ್ಲ. ಆದರೆ ಹೈಬರ್ನೇಟ್ ಮಾಡಿ ಮತ್ತೆ ಆನ್ ಮಾಡಿದರೆ ಖಾಲಿ ಡೆಸ್ಕ್‌ಟಾಪು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಆಗಷ್ಟೇ ಮೊದಲ ಸಲ ಆನ್ ಮಾಡಿದವರ ಮುಂದೆ ಬರುವ ಹಾಗೆ ಲಾಗಿನ್ ಪರದೆ ಬಂದು ನಿಲ್ಲುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಮಾಡೋಣ ಟೀಚರೇ" ಎಂಬ ಉತ್ತರ ಬಂತು. ಕಂಪ್ಯೂಟರಿನ ಯಾವ ಕಾಯಿಲೆಗೂ ನಮ್ಮ ಪೇಟೆಯಲ್ಲಿ ಇದೊಂದೇ ಕಷಾಯ.

ಫಾರ್ಮ್ಯಾಟಿಗೆ ನನ್ನ ಮನಸ್ಸು ಒಪ್ಪಲಿಲ್ಲ. ಲೆಕ್ಕ ತಪ್ಪಿದಾಗ ಯಾವ ಹಂತದಲ್ಲಿ ತಪ್ಪಿತು ಅಂತ ನೋಡದೆ ಪುಟವನ್ನೇ ಹರಿದು ಬಿಸಾಡುವ ಮಕ್ಕಳನ್ನು ಕಂಡರೆ ನನಗೆ ಆಗುವುದಿಲ್ಲ.

ಮೊದಲು ಮಲಗುವುದು, ಏಳುವುದು ಎಂದರೆ ಒಳಗೆ ಏನು ನಡೆಯುತ್ತದೆ ಅಂತ ಓದಿಕೊಂಡೆ. ಲಿನಕ್ಸಿನ ತಿರುಳಾದ ಕರ್ನಲ್ಲಿನ ಜೊತೆಗೇ ಬರುವ ದಾಖಲೆಗಳಲ್ಲಿ ಇದರ ವಿವರ ಚೆನ್ನಾಗಿದೆ. ಹೈಬರ್ನೇಟ್ ಒತ್ತಿದಾಗ ಕರ್ನಲ್ ಮೊದಲು ಎಲ್ಲ ಪ್ರೋಗ್ರಾಮುಗಳನ್ನೂ ಇದ್ದಲ್ಲೇ ನಿಲ್ಲಿಸುತ್ತದೆ. ನಂತರ ವೈಫೈ, ಸೌಂಡು, ಡಿಸ್ಕು ಎಲ್ಲ ಸಾಧನಗಳನ್ನೂ ಸುಮ್ಮನಾಗಿಸುತ್ತದೆ. ಆಮೇಲೆ ರ‍್ಯಾಮಿನ ಒಂದು ಪಡಿಯಚ್ಚು ತೆಗೆಯುತ್ತದೆ. ಅದನ್ನು ಬರೆಯಲು ಡಿಸ್ಕು ಬೇಕಲ್ಲ, ಹಾಗಾಗಿ ಸಾಧನಗಳನ್ನು ಮತ್ತೆ ಎಬ್ಬಿಸುತ್ತದೆ, ಪಡಿಯಚ್ಚನ್ನು ಸ್ವಾಪಿಗೆ ಬರೆಯುತ್ತದೆ, ಸ್ವಾಪಿನ ತಲೆಯಲ್ಲಿ 'ಇಲ್ಲಿ ಮಲಗಿದವರಿದ್ದಾರೆ' ಎಂಬ ಅರ್ಥದ ಗುರುತು ಹಾಕಿ ಆಫ್ ಆಗುತ್ತದೆ.

ಏಳುವುದು ಇನ್ನೂ ವಿಚಿತ್ರ. ಪವರ್ ಒತ್ತಿದಾಗ ಏಳುವುದು ಮಲಗಿದ ಕರ್ನಲ್ ಅಲ್ಲ, ಬೇರೆಯೇ ಒಂದು ಹೊಸ ಕರ್ನಲ್. ಅದು ಎದ್ದು, ಸ್ವಾಪಿನಲ್ಲಿ ಗುರುತು ನೋಡಿ, ಪಡಿಯಚ್ಚನ್ನು ರ‍್ಯಾಮಿಗೆ ತುಂಬಿಸಿ, ಕೊನೆಗೆ ತನ್ನನ್ನೇ ಅಳಿಸಿಕೊಂಡು ಹಳೆಯ ಕರ್ನಲ್ಲಿಗೆ ಜಾಗ ಬಿಡುತ್ತದೆ. ಆಟದ ಪೂರ್ವರಂಗದಲ್ಲಿ ಕೋಡಂಗಿಗಳು ಬಂದು ಕುಣಿದು ಒಳಗೆ ಹೋಗುತ್ತಾರಲ್ಲ, ಹಾಗೆ. ಹಳೆಯ ಕರ್ನಲ್ಲಿಗೆ ನಡುವೆ ಕರೆಂಟು ಹೋದದ್ದೇ ಗೊತ್ತಿರುವುದಿಲ್ಲ.

ಇದನ್ನು ಓದಿದ ಮೇಲೆ ಪ್ರಶ್ನೆ ಸಣ್ಣದಾಯಿತು. ನನ್ನ ಲ್ಯಾಪ್‌ಟಾಪು ಸರಿಯಾಗಿ ಮಲಗುತ್ತಿಲ್ಲವೋ, ಸರಿಯಾಗಿ ಏಳುತ್ತಿಲ್ಲವೋ?

ಉತ್ತರ ಜರ್ನಲ್‌ಸಿಟಿಎಲ್ ಎಂಬ ಆದೇಶ ಕೊಡುವ ಲಾಗಿನಲ್ಲೇ, ಅಂದರೆ ಮೆಷಿನು ತಾನೇ ಬರೆದಿಡುವ ದಿನಚರಿಯಲ್ಲೇ ಇತ್ತು. ಬೂಟ್ ಆದ ಹೊಸತರಲ್ಲಿ ಬಂದ ಸಾಲುಗಳ ನಡುವೆ ಸ್ವಾಪ್‌ಆನ್ ಎಂಬ ಪ್ರೋಗ್ರಾಮಿನ ಒಂದು ಸಾಲು. ಸ್ವಾಪಿನಲ್ಲಿ ಮಲಗಿಸಿದ ದತ್ತಾಂಶ ಕಂಡಿತು, ಸ್ವಾಪಿನ ಗುರುತನ್ನು ಹೊಸದಾಗಿ ಬರೆಯುತ್ತಿದ್ದೇನೆ ಎಂದು ಅದು ಹೇಳುತ್ತಿತ್ತು. ಅಂದರೆ ಪಡಿಯಚ್ಚು ಬರೆದಾಗಿತ್ತು, ಗುರುತೂ ಬಿದ್ದಿತ್ತು. ಮಲಗುವ ಅರ್ಧ ಸರಿಯಾಗಿಯೇ ಇದೆ. ಬೆಳಿಗ್ಗೆ ಎದ್ದ ಹೊಸ ಕರ್ನಲ್ ಮಾತ್ರ ಅದರ ಕಡೆ ಕಣ್ಣೆತ್ತಿಯೂ ನೋಡಿಲ್ಲ. ಆಮೇಲೆ ಮಾಮೂಲಿಯಂತೆ ಸ್ವಾಪ್ ಚಾಲೂ ಆಗುವಾಗ ನನ್ನ ಸ್ಮರಣ ಸಂಚಿಕೆ ಅಳಿಸಿ ಹೋಗಿದೆ. ಲಾಗಿನಲ್ಲಿ ಅದಕ್ಕೆ ಕೆಂಪು ಬಣ್ಣವೂ ಇಲ್ಲ!

ಯಾಕೆ ನೋಡಲಿಲ್ಲ? ಇಲ್ಲಿ ಇನ್ನೊಂದು ಸಂಗತಿ ನೆನಪಿಗೆ ಬಂತು. ಎಸ್‌ಎಸ್‌ಡಿ ಹಾಕಿದರೆ ಬೂಟು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ ಅಂತ ಎಲ್ಲರೂ ಹೇಳಿದ್ದರು. ನನ್ನದು ಮಾತ್ರ ಲೋಗೋ ಬಂದ ಮೇಲೆ ಸುಮಾರು ಅರ್ಧ ನಿಮಿಷ ಸುಮ್ನೆ ನಿಲ್ಲುತ್ತಿತ್ತು. ಹಳೆಯ ಮೆಷಿನು, ಇಷ್ಟೇ ಇರಬಹುದು ಅಂತ ಅಂಗಡಿಯವರೂ ಹೇಳಿದ್ದರು. ಈ ಸಲ ಆ ಅರ್ಧ ನಿಮಿಷದಲ್ಲಿ ಎಸ್ಕೇಪ್ ಕೀ ಒತ್ತಿದೆ. ಲೋಗೋ ಸರಿದು ಹಿಂದಿನ ಸಾಲುಗಳು ಕಂಡವು. ರೆಸ್ಯೂಮ್ ಸಾಧನಕ್ಕೆ, ಅಂದರೆ ಪಡಿಯಚ್ಚು ಇರುವ ಜಾಗಕ್ಕೆ, ಕಾದು ಕಾದು ಕೈಬಿಟ್ಟೆ ಎಂದು ಕೊನೆಯ ಸಾಲು.

ಸಿಕ್ಕಿತು. ಬೂಟಿನ ಶುರುವಿನಲ್ಲಿ, ನಿಜವಾದ ಡಿಸ್ಕು ಮೌಂಟ್ ಆಗುವ, ಅಂದರೆ ಬಳಕೆಗೆ ತೆರೆದುಕೊಳ್ಳುವ ಮೊದಲು, ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ವ್ಯವಸ್ಥೆ ಓಡುತ್ತದೆ. ಯಾವ ಸ್ವಾಪಿನಲ್ಲಿ ಪಡಿಯಚ್ಚು ಹುಡುಕಬೇಕು ಅಂತ ಅದಕ್ಕೆ ಮೊದಲೇ ಹೇಳಿಟ್ಟಿರಬೇಕು. ಹೇಳುವುದು ಹೆಸರಿನಿಂದಲ್ಲ, ಯುಯುಐಡಿ ಎಂಬ ಉದ್ದದ ಸಂಖ್ಯೆಯಿಂದ. ಸ್ವಾಪನ್ನು ಹೊಸದಾಗಿ ಮಾಡಿದಾಗಲೆಲ್ಲ ಈ ಸಂಖ್ಯೆಯೂ ಹೊಸದು. ಅಂಗಡಿಯವರು ಫೈಲುಗಳನ್ನು ನಕಲು ಮಾಡಿ, ಸ್ವಾಪನ್ನು ಮಾತ್ರ ಹೊಸದಾಗಿ ಮಾಡಿದ್ದರು. ಅದರಲ್ಲಿ ತಪ್ಪೇನಿಲ್ಲ, ಸ್ವಾಪಿನಲ್ಲಿ ನಕಲು ಮಾಡುವಂಥದ್ದು ಏನೂ ಇರುವುದಿಲ್ಲ. ಎಫ್‌ಎಸ್‌ಟ್ಯಾಬ್ ಎಂಬ ಡಿಸ್ಕುಗಳ ಪಟ್ಟಿಯ ಫೈಲಿನಲ್ಲಿ ಹೊಸ ಸಂಖ್ಯೆಯನ್ನೂ ಹಾಕಿದ್ದರು. ಹಾಗಾಗಿಯೇ ಸ್ವಾಪ್ ಕೆಲಸ ಮಾಡುತ್ತಿತ್ತು, ಹೈಬರ್ನೇಟೂ ಬರೆಯುತ್ತಿತ್ತು. ಆದರೆ ಇಟಿಸಿ ಫೋಲ್ಡರಿನೊಳಗೆ, ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್, ಅದರೊಳಗೆ ಕಾನ್ಫ್ ಡಾಟ್ ಡಿ, ಅದರೊಳಗೆ ರೆಸ್ಯೂಮ್ ಎಂಬ ಒಂದೇ ಸಾಲಿನ ಫೈಲು ಇದೆ. ಅಲ್ಲಿ ಹಳೆಯ ಹಾರ್ಡ್ ಡಿಸ್ಕಿನ ಸಂಖ್ಯೆ ಹಾಗೆಯೇ ಕೂತಿತ್ತು. ಪಾಪ, ಇನಿಟ್‌ರಾಮ್‌ಎಫ್‌ಎಸ್ ಪ್ರತಿ ದಿನ ಬೆಳಿಗ್ಗೆ ನನ್ನ ಕಪಾಟಿನಲ್ಲಿ ಮಲಗಿದ್ದ ಡಿಸ್ಕಿಗಾಗಿ ಕಾಯುತ್ತಿತ್ತು.

ಬಿಎಲ್‌ಕೆಐಡಿ ಆದೇಶದಿಂದ ಹೊಸ ಸಂಖ್ಯೆ ನೋಡಿ ಆ ಫೈಲಿಗೆ ಹಾಕಿದೆ. ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆದೇಶ ಓಡಿಸಿದೆ. ಇದನ್ನು ಓಡಿಸದಿದ್ದರೆ ಫೈಲು ತಿದ್ದಿಯೂ ಪ್ರಯೋಜನವಿಲ್ಲ, ಬೂಟಿನಲ್ಲಿ ಓದುವುದು ಅದರ ಮೊದಲೇ ಕಟ್ಟಿಟ್ಟ ಪ್ರತಿಯನ್ನು. ಮತ್ತೆ ಬೂಟ್ ಮಾಡಿದಾಗ ಅರ್ಧ ನಿಮಿಷದ ಕಾಯುವಿಕೆ ಮಾಯ.

ಖುಷಿಯಿಂದ ಹೈಬರ್ನೇಟ್ ಮಾಡಿದೆ, ಆನ್ ಮಾಡಿದೆ. ಪಡಿಯಚ್ಚು ಓದುವ ಶೇಕಡಾ ಲೆಕ್ಕ ಏರುತ್ತಾ ಹೋಯಿತು. 100 ಆಯಿತು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

ಫ್ಯಾನು ತಿರುಗುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿದೆ, ದೀಪ ಹತ್ತಲಿಲ್ಲ. ಇದೊಂದು ಒಳ್ಳೆಯ ಪರೀಕ್ಷೆ. ಪರದೆ ಮಾತ್ರ ಹೋಗಿ ಒಳಗೆ ಜೀವ ಇದ್ದರೆ ಸಾಮಾನ್ಯವಾಗಿ ಆ ದೀಪ ಹತ್ತಿ ಆರುತ್ತದೆ. ಹತ್ತದಿದ್ದರೆ ಕರ್ನಲ್ಲೇ ಸಿಕ್ಕಿಬಿದ್ದಿದೆ ಅಂತ ತಿಳಿಯಬಹುದು. ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ, ಮತ್ತೆ ಬೂಟ್ ಮಾಡಿ ಲಾಗ್ ನೋಡಿದೆ. ಸ್ವಾಪ್‌ಆನಿನ ಆ ಸಾಲು ಈಗ ಇಲ್ಲ. ಕರ್ನಲ್ ಪಡಿಯಚ್ಚನ್ನು ಓದಲು ಕೈ ಹಾಕುವಾಗಲೇ ಸ್ವಾಪಿನ ಗುರುತನ್ನು ಮೊದಲಿನಂತೆ ಮಾಡಿಬಿಡುತ್ತದೆ. ಏಳುವಾಗ ಎಡವಿದರೆ ಮುಂದಿನ ಸಲವೂ ಅಲ್ಲೇ ಎಡವುತ್ತಾ ಇರಬಾರದಲ್ಲ. ಹಾಗಾಗಿ ಸಾಲು ಕಾಣದಿದ್ದದ್ದೇ ಸಾಕ್ಷಿ. ಪಡಿಯಚ್ಚು ಸಿಕ್ಕಿದೆ, ಓದಿಯೂ ಆಗಿದೆ. ಕೋಡಂಗಿ ಒಳಗೆ ಹೋಗಿ ವೇಷ ಬರುವ ಹೊತ್ತಿಗೆ ಕೆಟ್ಟಿದೆ.

ಈ ಹಂತದಲ್ಲಿ ಕೈಗೆ ಬಂದದ್ದು ಕರ್ನಲ್ಲಿನಲ್ಲಿಯೇ ಇರುವ ಪರೀಕ್ಷೆಯ ಸೌಲಭ್ಯ. ಸಿಸ್ ಫೋಲ್ಡರಿನ ಒಳಗೆ ಪವರ್ ಎಂಬ ಫೋಲ್ಡರಿದೆ. ಅದರಲ್ಲಿ ಪಿಎಂ-ಟೆಸ್ಟ್ ಎಂಬ ಫೈಲಿಗೆ ಒಂದು ಪದ ಬರೆದು ಹೈಬರ್ನೇಟ್ ಮಾಡಿದರೆ, ಪೂರ್ತಿ ಮಲಗದೆ ಅಷ್ಟು ಮೆಟ್ಟಿಲು ಮಾತ್ರ ಇಳಿದು, 5 ಸೆಕೆಂಡ್ ನಿಂತು, ವಾಪಸ್ ಬರುತ್ತದೆ. ಫ್ರೀಜರ್ ಅಂದರೆ ಪ್ರೋಗ್ರಾಮುಗಳನ್ನು ಮಾತ್ರ ನಿಲ್ಲಿಸಿ ನೋಡುವುದು. ಡಿವೈಸಸ್ ಅಂದರೆ ಸಾಧನಗಳನ್ನೂ. ನಂತರ ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೊನೆಗೆ ಕೋರ್. ಒಂದೊಂದಾಗಿ ಮಾಡಿದೆ. ಎಲ್ಲವೂ ಪಾಸು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬರುವಾಗ ಪ್ರತಿ ಸಲ ಜೀವ ಬಾಯಿಗೆ ಬರುತ್ತಿತ್ತು ಅನ್ನುವುದು ಬೇರೆ ಮಾತು.

ಮುಂದಿನದ್ದು ಡಿಸ್ಕ್ ಎಂಬ ಫೈಲು. ಅದಕ್ಕೆ ಟೆಸ್ಟ್-ರೆಸ್ಯೂಮ್ ಎಂದು ಬರೆದರೆ ಪಡಿಯಚ್ಚನ್ನು ಸ್ವಾಪಿಗೆ ಬರೆದು, ಆಫ್ ಆಗದೆ ಅಲ್ಲೇ ಅದನ್ನು ಓದಿ ಎದ್ದು ನೋಡುತ್ತದೆ. ಇಲ್ಲಿ ಸಿಕ್ಕಿಬಿತ್ತು. ಅದೇ ಕಪ್ಪು ಪರದೆ, ಅದೇ ಸತ್ತ ಕ್ಯಾಪ್ಸ್ ಲಾಕ್. ನನಗೆ ಸಮಾಧಾನವೇ ಆಯಿತು. ಆಫ್ ಆಗದೆಯೇ ಕೆಡುತ್ತದೆ ಅಂದ ಮೇಲೆ ಮೆಷಿನನ್ನು ಶುರು ಮಾಡುವ ಬಯೋಸಿನ ಮೇಲೆ, ಪವರ್ ಸಪ್ಲೈಯ ಮೇಲೆ ಅನುಮಾನ ಪಡಬೇಕಾಗಿಲ್ಲ. ಯಾವುದೋ ಒಂದು ಡ್ರೈವರು, ಅಂದರೆ ಒಂದು ಸಾಧನವನ್ನು ನಡೆಸುವ ಪ್ರೋಗ್ರಾಮು, ತನ್ನ ಸಾಧನವನ್ನು ವಾಪಸ್ ಎಬ್ಬಿಸುವಾಗ ನಿಂತು ಹೋಗುತ್ತಿದೆ. ಆದರೆ ಯಾವುದು? ಪರದೆ ಇಲ್ಲ, ಕರ್ನಲ್ ಸತ್ತಿದೆ, ಲಾಗ್ ಬರೆಯಲು ಡಿಸ್ಕೂ ಇನ್ನೂ ಎದ್ದಿಲ್ಲ. ಸಾಯುವವನು ಹೆಸರು ಹೇಳಿ ಸಾಯಬೇಕಾದರೆ ಎಲ್ಲಿ ಬರೆದಿಡಬೇಕು?

ಗಡಿಯಾರದಲ್ಲಿ! ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ.

ಮದರ್‌ಬೋರ್ಡಿನಲ್ಲಿ ಸಣ್ಣ ಬಟನ್ ಸೆಲ್ಲಿನಿಂದ ಓಡುವ ಗಡಿಯಾರ ಇರುತ್ತದೆ, ಆರ್‌ಟಿಸಿ ಅಂತ. ಮೆಷಿನು ಆಫ್ ಆದರೂ ಅದು ಓಡುತ್ತಲೇ ಇರುತ್ತದೆ. ಪಿಎಂ-ಟ್ರೇಸ್ ಎಂಬ ಫೈಲಿಗೆ 1 ಎಂದು ಬರೆದರೆ, ಕರ್ನಲ್ ಒಂದೊಂದೇ ಸಾಧನವನ್ನು ಎಬ್ಬಿಸುತ್ತಾ, ಪ್ರತಿ ಹೆಜ್ಜೆಯ ಗುರುತಿನ ಸಂಖ್ಯೆಯನ್ನು ತಾರೀಕು ಮತ್ತು ಸಮಯದ ರೂಪದಲ್ಲಿ ಆ ಗಡಿಯಾರಕ್ಕೆ ಬರೆಯುತ್ತಾ ಹೋಗುತ್ತದೆ. ಕೊನೆಯದಾಗಿ ಏನು ಬರೆದಿತ್ತೋ ಅದರಲ್ಲಿಯೇ ಸತ್ತಿದೆ ಅಂತ ಲೆಕ್ಕ.

ಗಣಿತದವಳಿಗೆ ಇದರ ಲೆಕ್ಕ ನೋಡದೆ ಬಿಡಲಾಗಲಿಲ್ಲ. ವರ್ಷಕ್ಕೆ 100 ಸಾಧ್ಯತೆ, ತಿಂಗಳಿಗೆ 12. ದಿನಕ್ಕೆ 28 ಮಾತ್ರ, ಫೆಬ್ರವರಿಯಲ್ಲಿಯೂ ಸಲ್ಲಬೇಕಲ್ಲ. ಗಂಟೆಗೆ 24. ನಿಮಿಷಕ್ಕೆ 60 ಅಲ್ಲ, 20. ಮೂರು ಮೂರು ನಿಮಿಷದ ಹೆಜ್ಜೆ. ಗುಣಿಸಿದರೆ 1,61,28,000. ಈ ಕಡೆ ಕರ್ನಲ್ಲಿನ ಲೆಕ್ಕದಲ್ಲಿ ಫೈಲಿನ ಸಾಲಿಗೆ 997, ಸಾಧನದ ಹೆಸರಿಗೆ 1009, ಉಳಿದದ್ದಕ್ಕೆ 16. ಇವನ್ನು ಗುಣಿಸಿ ನೋಡಿ, ಆ 1,61,28,000ರೊಳಗೆ ಸರಿಯಾಗಿ ಹಿಡಿಸುತ್ತದೆ, ಅಷ್ಟು ಬಿಗಿ. 997 ಮತ್ತು 1009 ಎರಡೂ ಅವಿಭಾಜ್ಯ ಸಂಖ್ಯೆಗಳು. ಒಂಬತ್ತನೇ ಕ್ಲಾಸಿನವರಿಗೆ ಇದನ್ನು ಬೋರ್ಡಿನಲ್ಲಿ ಬರೆದು ತೋರಿಸಿದೆ. ಅವಿಭಾಜ್ಯ ಸಂಖ್ಯೆಯಿಂದ ಏನು ಪ್ರಯೋಜನ ಟೀಚರ್ ಅಂತ ಕೇಳಿದವನಿಗೆ ಕೊಡಲು ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಆವರೆಗೆ ಇರಲಿಲ್ಲ.

ಮೂರು ನಿಮಿಷದ ಹೆಜ್ಜೆ ಯಾಕೆ ಅಂದರೆ, ಕರ್ನಲ್ ಸತ್ತರೂ ಗಡಿಯಾರ ಓಡುತ್ತಿರುತ್ತದೆ ಅಲ್ವಾ? ನಾವು ಆಫ್ ಮಾಡಿ ಮತ್ತೆ ಬೂಟ್ ಮಾಡುವಷ್ಟರಲ್ಲಿ ಒಂದೆರಡು ನಿಮಿಷ ಮುಂದೆ ಹೋದರೂ ಬರೆದಿಟ್ಟ ಸಂಖ್ಯೆ ಕೆಡಬಾರದು. ಮೂರು ನಿಮಿಷ ದಾಟಿದರೆ ಕೆಟ್ಟಿತು. ಹಾಗಾಗಿ ಈ ಪರೀಕ್ಷೆಯ ನಡುವೆ ಚಾ ಕುಡಿಯಲು ಹೋಗುವ ಹಾಗಿಲ್ಲ.

ಪಿಎಂ-ಟ್ರೇಸ್ ಹಾಕಿ ಹೈಬರ್ನೇಟ್ ಮಾಡಿದೆ, ಏಳಿಸಿದೆ, ಸಿಕ್ಕಿಬಿತ್ತು. ಕೂಡಲೇ ಆಫ್ ಮಾಡಿ ಬೂಟ್ ಮಾಡಿದೆ. ಡೆಸ್ಕ್‌ಟಾಪಿನ ಮೂಲೆಯಲ್ಲಿ ಯಾವ ಪಂಚಾಂಗದಲ್ಲಿಯೂ ಸಿಗದಂಥ ತಾರೀಕು. ಬ್ರೌಸರಿನಲ್ಲಿ ಯಾವ ಸೈಟಿಗೆ ಹೋದರೂ ಸರ್ಟಿಫಿಕೇಟಿನ ಅವಧಿ ಸರಿಯಿಲ್ಲ ಎಂಬ ಎಚ್ಚರಿಕೆ. ಅದನ್ನೆಲ್ಲ ಬಿಟ್ಟು ಡಿಮೆಸ್ಗ್ ಎಂಬ ಕರ್ನಲ್ ಲಾಗಿನಲ್ಲಿ ಮ್ಯಾಜಿಕ್ ನಂಬರ್ ಎಂಬ ಸಾಲು ಹುಡುಕಿದೆ. ಅದರ ಕೆಳಗೆ 'ಹ್ಯಾಶ್ ಮ್ಯಾಚಸ್' ಎಂದು ಎರಡು ಸಾಲು. ಒಂದರಲ್ಲಿ ಕರ್ನಲ್ಲಿನ ಒಂದು ಫೈಲಿನ ಸಾಲು ಸಂಖ್ಯೆ. ಇನ್ನೊಂದರಲ್ಲಿ ಒಂದು ಪಿಸಿಐ ಸಾಧನದ ವಿಳಾಸ, ಸೊನ್ನೆ, ಎರಡು, ಮತ್ತೆ ಸೊನ್ನೆಗಳು. ಎಲ್‌ಎಸ್‌ಪಿಸಿಐ ಆದೇಶ ಹಾಕಿ ಆ ವಿಳಾಸದಲ್ಲಿ ಯಾರಿದ್ದಾರೆ ಅಂತ ನೋಡಿದೆ. ವೈಫೈ ಕಾರ್ಡು.

1009 ಸಾಧ್ಯತೆ ಮಾತ್ರ ಇರುವುದರಿಂದ ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಬರುವುದೂ ಉಂಟು. ಅದಕ್ಕೇ ಇದೊಂದನ್ನೇ ನಂಬಿ ತೀರ್ಪು ಕೊಡಬಾರದು. ಮಾಡ್‌ಪ್ರೋಬ್ ಆದೇಶದಿಂದ ವೈಫೈ ಡ್ರೈವರನ್ನು ಕಳಚಿ ಟೆಸ್ಟ್-ರೆಸ್ಯೂಮ್ ಮಾಡಿದೆ. ಎದ್ದಿತು. ಡ್ರೈವರ್ ಹಾಕಿ ಮಾಡಿದೆ. ಬಿದ್ದಿತು. ಮತ್ತೆ ಕಳಚಿದೆ, ಎದ್ದಿತು. ಇನ್ನು ಸಂಶಯವಿಲ್ಲ. ಎಸ್‌ಎಸ್‌ಡಿ ಹಾಕಿಸಿದ ಹೊತ್ತಿಗೇ ಅಂಗಡಿಯಲ್ಲಿ ಸಿಸ್ಟಮ್ ಅಪ್‌ಡೇಟನ್ನೂ ಮಾಡಿದ್ದರು, ಕರ್ನಲ್ ಬದಲಾಗಿತ್ತು. ಎರಡು ಬೇರೆ ಬೇರೆ ತೊಂದರೆಗಳು ಒಂದರ ಹಿಂದೆ ಒಂದು ನಿಂತಿದ್ದವು. ಮೊದಲನೆಯದು ಇದ್ದಷ್ಟು ದಿನ ಎರಡನೆಯದು ಕಾಣುವಂತಿರಲಿಲ್ಲ.

ಫಾರ್ಮ್ಯಾಟ್ ಮಾಡಿದ್ದರೆ ಮೊದಲನೆಯದು ತನ್ನಿಂದ ತಾನೇ ಸರಿಹೋಗುತ್ತಿತ್ತು, ಹೊಸ ಇನ್‌ಸ್ಟಾಲಿನಲ್ಲಿ ಸಂಖ್ಯೆಗಳೆಲ್ಲ ಹೊಸದಾಗಿ ಕೂರುತ್ತವೆ. ಆಮೇಲೆ ಕಪ್ಪು ಪರದೆ ಬಂದಾಗ ಮತ್ತೆ ಫಾರ್ಮ್ಯಾಟ್ ಅನ್ನುತ್ತಿದ್ದರು. ಅದು ಎಷ್ಟು ಸಲ ಮಾಡಿದರೂ ಹೋಗುತ್ತಿರಲಿಲ್ಲ. ಕೊನೆಗೆ ಮದರ್‌ಬೋರ್ಡ್ ಹೋಗಿದೆ ಅನ್ನುವಲ್ಲಿಗೆ ಮುಟ್ಟುತ್ತಿತ್ತು ಅಂತ ನನ್ನ ಊಹೆ.

ಮದ್ದು ಸಣ್ಣದು. ಲಿನಕ್ಸಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಸಿಸ್ಟಮ್-ಸ್ಲೀಪ್ ಎಂಬ ಫೋಲ್ಡರಿದೆ. ಅದರಲ್ಲಿ ಇಟ್ಟ ಸ್ಕ್ರಿಪ್ಟನ್ನು ಮಲಗುವ ಮೊದಲು 'ಪ್ರೀ' ಎಂದೂ ಎದ್ದ ಮೇಲೆ 'ಪೋಸ್ಟ್' ಎಂದೂ ಹೇಳಿ ಕರೆಯುತ್ತದೆ. ಪ್ರೀ ಅಂದಾಗ ವೈಫೈ ಡ್ರೈವರ್ ಕಳಚು, ಪೋಸ್ಟ್ ಅಂದಾಗ ಹಾಕು. ನಾಲ್ಕೈದು ಸಾಲು ಅಷ್ಟೇ. ಸ್ಕ್ರಿಪ್ಟಿಗೆ ಓಡುವ ಅನುಮತಿ ಕೊಡಬೇಕು, ಇಲ್ಲದಿದ್ದರೆ ಅದನ್ನು ಯಾರೂ ಕೇಳುವುದಿಲ್ಲ. ನಂತರ ಡಿಸ್ಕ್ ಫೈಲಿನ ಉಳಿದ ವಿಧಾನಗಳನ್ನೂ ನೋಡಿದೆ. ರೀಬೂಟ್, ಶಟ್‌ಡೌನ್, ಪ್ಲಾಟ್‌ಫಾರ್ಮ್ ಮೂರರಲ್ಲಿಯೂ ಎದ್ದಿತು. ಶಟ್‌ಡೌನಿನಲ್ಲಿ ಎದ್ದು ಪ್ಲಾಟ್‌ಫಾರ್ಮಿನಲ್ಲಿ ಬೀಳುವ ಮೆಷಿನುಗಳೂ ಇವೆ, ಅಂಥವುಗಳಲ್ಲಿ ಬಯೋಸಿನ ಮೇಲೆ ಕಣ್ಣು ಹಾಕಬೇಕು. ಸಹಿ ಇಲ್ಲದ ಪ್ರೋಗ್ರಾಮು ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇರುವ ಹೊಸ ಲ್ಯಾಪ್‌ಟಾಪುಗಳಲ್ಲಂತೂ ಉಬುಂಟು ಕರ್ನಲ್ ಹೈಬರ್ನೇಟನ್ನೇ ಬಿಡುವುದಿಲ್ಲ. ನನ್ನ ಮುದಿ ಮೆಷಿನಿಗೆ ಆ ರಗಳೆ ಇಲ್ಲ.

ಗಡಿಯಾರವನ್ನು ಸರಿಮಾಡಿ, ಪಿಎಂ-ಟ್ರೇಸನ್ನು ಸೊನ್ನೆ ಮಾಡಿದೆ. ಈಗ ಇನ್ವರ್ಟರು ಕೂಗಿದಾಗ ಒಂದು ಕೀ ಒತ್ತಿ ಎದ್ದು ಹೋಗುತ್ತೇನೆ. ವಾಪಸ್ ಬಂದಾಗ ಪುಟ ಇದ್ದಲ್ಲೇ ಇರುತ್ತದೆ, ವೈಫೈ ಮಾತ್ರ ಕೆಲವು ಸೆಕೆಂಡ್ ತಡವಾಗಿ ಹತ್ತಿಕೊಳ್ಳುತ್ತದೆ.

ಮನೆಯವರಿಗೆ ಹಾಕಿದ ನಿಯಮ ಒಂದೇ. ಹೈಬರ್ನೇಟ್ ಆಗಿರುವಾಗ ಲ್ಯಾಪ್‌ಟಾಪಿಗೆ ಚುಚ್ಚಿದ ಪೆನ್‌ಡ್ರೈವನ್ನು ಯಾರೂ ಕೀಳಬಾರದು. ಮಲಗಿದ ಕರ್ನಲ್ಲಿನ ತಲೆಯಲ್ಲಿ ಅದರ ಫೈಲುಗಳ ನಕ್ಷೆ ಹಳೆಯದೇ ಇರುತ್ತದೆ. ನಡುವೆ ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ ಏನಾದರೂ ಬರೆದು ವಾಪಸ್ ಚುಚ್ಚಿದರೆ, ಎದ್ದ ಕರ್ನಲ್ ಹಳೆಯ ನಕ್ಷೆಯ ಪ್ರಕಾರವೇ ಬರೆದು ಎಲ್ಲವನ್ನೂ ಕಲಸಿಬಿಡಬಹುದು. ಸಂಚಿಕೆಯ ಪಿಡಿಎಫ್ ಪ್ರೆಸ್ಸಿಗೆ ಕೊಂಡುಹೋಗುವ ಹಿಂದಿನ ರಾತ್ರಿ ಕರೆಂಟು ಹೋಯಿತು. ಪಿಡಿಎಫ್ ಇದ್ದದ್ದು ಆ ಪೆನ್‌ಡ್ರೈವಿನಲ್ಲೇ. ಬೆಳಿಗ್ಗೆ ನನ್ನ ತಮ್ಮ ಅದನ್ನು ಕಿತ್ತು ಹೊರಡಲು ನೋಡಿದ. "ಮೊದಲು ಅದನ್ನು ಎಬ್ಬಿಸಿ, ಅನ್‌ಮೌಂಟ್ ಮಾಡಿ ಕೊಡುತ್ತೇನೆ, ಬಸ್ಸು ಇನ್ನೂ ನೀರ್ಚಾಲು ಬಿಟ್ಟಿರಲಿಕ್ಕಿಲ್ಲ" ಎಂದು ನಿಲ್ಲಿಸಿದೆ.